ಬೂಷ್ಟು

ಮಂದಾಕಿನಿ ಗಾಜಿನ ತಟ್ಟೆಗಳಲ್ಲಿ ಬೆಳೆಸುತ್ತಿದ್ದ ಬ್ಯಾಕ್ಟೀರಿಯಾಗಳಿಗೆ ಮತ್ತೆ ಬೂಷ್ಟು ಹಿಡಿದಿತ್ತು. ಪ್ರಬಂಧ ಒಪ್ಪಿಸುವ ಗಡುವು ಹತ್ತಿರವಾಗುತ್ತಿತ್ತು. ಪ್ರಯೋಗಾಲಯದಲ್ಲಿ ಅವಳ ಜೊತೆ ಕೆಲಸ ಮಾಡುತ್ತಿದ್ದವನು ಎದುರು ಮೇಜಿನ ಉಮಾಪತಿ ಒಬ್ಬನೇ. ಲೇಖನವೊಂದರಲ್ಲಿ ಯಾರ ಹೆಸರು ಮೊದಲು ಬರಬೇಕೆಂದು ಜಗಳವಾದಂದಿನಿಂದ ಇಬ್ಬರಿಗೂ ಮಾತಿರಲಿಲ್ಲ.

ಕೂತಲ್ಲಿ ಕೂರಲಾಗದೆ ಅವಳು ಫೋನಿನಲ್ಲಿ ಸಂಶೋಧಕರ ಜಾಲತಾಣ ತೆರೆದಳು. ಅಲ್ಲಿ ‘ಸೂಕ್ಷ್ಮದರ್ಶಿ’ ಎಂಬ ಹೆಸರಿನ ಅಪರಿಚಿತರೊಬ್ಬರು ಅವಳ ಪ್ರಶ್ನೆಗಳಿಗೆಲ್ಲ ತಾಳ್ಮೆಯಿಂದ ಉತ್ತರಿಸುತ್ತಿದ್ದರು.

“ಮತ್ತೆ ಹಾಳಾಯ್ತು. ಇದು ಎದುರು ಮೇಜಿನವನದೇ ಕೆಲಸ,” ಎಂದು ಬರೆದಳು.

“ಕಣ್ಣಾರೆ ನೋಡಿದ್ರಾ?”

“ನೋಡೋದೇನು? ನನ್ನ ಕಂಡ್ರೆ ಅವನಿಗಾಗಲ್ಲ.”

“ಒಂದ್ಸಲ ಅವರನ್ನೇ ಕೇಳಬಹುದಿತ್ತು.”

“ಅವನ ಹತ್ರ ಮಾತಾ? ಪ್ರಾಣ ಹೋದ್ರೂ ಇಲ್ಲ. ಈಗಲೇ ಗೈಡ್‌ಗೆ ದೂರು ಕೊಡ್ತೀನಿ.”

ಅವಳು ಧಡಕ್ಕನೆ ಎದ್ದಳು. ಬಾಗಿಲವರೆಗೆ ಹೋಗುವಷ್ಟರಲ್ಲಿ ಕೈಯಲ್ಲಿದ್ದ ಫೋನು ಮತ್ತೆ ಸದ್ದು ಮಾಡಿತು.

“ದೂರು ಕೊಡೋದಾದ್ರೆ ಕೊಡಿ. ಅದಕ್ಕೂ ಮುಂಚೆ ನಿಮ್ಮ ಮೇಜಿನ ಹಿಂದಿರೋ ಕಿಟಕಿ ಮುಚ್ಚಿ, ಬೂಷ್ಟು ಬರ್ತಿರೋದು ಅಲ್ಲಿಂದ. ನಾನೇ ಎದ್ದು ಬಂದು ಮುಚ್ಚಿದ್ರೆ ನೀವು ಬೈತೀರಿ.”