ಬೆರಳುದ್ದ ಹೆಚ್ಚು

ಮೊಬೈಲ್ ಟವರಿನ ಹೊಸ ಆಂಟೆನಾ ರೂಪಿಸಿದ್ದ ಇಂಜಿನಿಯರ್ ತೀರಿಕೊಂಡರೆಂಬ ಸುದ್ದಿ ಬಂದು ಗಂಟೆಯೂ ಆಗಿರಲಿಲ್ಲ. ಕಾರ್ಖಾನೆಯ ಮುಖ್ಯಸ್ಥ ಅದರ ಮೇಲೆ ತನ್ನ ಹೆಸರಿನ ಚೀಟಿ ಅಂಟಿಸಿ, ಹಿಂಬದಿ ಬಿಚ್ಚಿಸಿದ. ಮುಖ್ಯಸ್ಥ ಅದನ್ನು ಮುಟ್ಟಿದ್ದೇ ಅಂದು ಮೊದಲು. ಒಳಗಿದ್ದ ಎರಡು ಕೇಬಲ್‌ಗಳಲ್ಲಿ ಒಂದು ಬೆರಳುದ್ದ ಹೆಚ್ಚಿತ್ತು.

"ಏನಜ್ಜಾ ಇದು, ಎರಡೂ ಸಮ ಇರ್ಬೇಡ್ವಾ? ಅಳತೆಯೂ ಬರ್ತಿರ್ಲಿಲ್ವಾ ಅವನಿಗೆ?"

"ಮುಟ್ಬೇಡಿ ಸಾರ್," ಎಂದರು ಹಳೆಯ ಫಿಟ್ಟರ್. "ಈ ಉದ್ದದ ಕೇಬಲಿಂದ ಒಂದು ಅಲೆ ಸ್ವಲ್ಪ ತಡವಾಗಿ ಹೊರಟ್ರೇನೇ ಸಿಗ್ನಲ್ ಸುತ್ತುತ್ತಾ ಹೋಗುತ್ತೆ. ಆಗ ಫೋನು ಹೇಗೆ ಹಿಡಿದ್ರೂ ಸಿಗುತ್ತೆ. ಇದಕ್ಕೇ ಅವರು ಮೂರು ವರ್ಷ ಒದ್ದಾಡಿದ್ದು."

"ನನಗೇ ಪಾಠ ಹೇಳ್ತೀಯಾ?" ಎಂದು ಮುಖ್ಯಸ್ಥ ಕೇಬಲನ್ನು ಕತ್ತರಿಸಿ ಸಮ ಮಾಡಿಸಿದ.

ಮಧ್ಯಾಹ್ನ ಮೊಬೈಲ್ ಕಂಪನಿಯವರು ಆಂಟೆನಾ ಪರೀಕ್ಷಿಸಲು ಬಂದರು. ಸಿಗ್ನಲ್ ಹಿಡಿಯಲು ಎದುರಿಗಿಟ್ಟ ರಿಸೀವರನ್ನು ತಿರುಗಿಸುತ್ತಿದ್ದಂತೆ ಮೀಟರಿನ ಮುಳ್ಳು ನೆಲಕಚ್ಚಿತು. ಮುಖ್ಯಸ್ಥ ನಗುತ್ತಲೇ ಚೀಟಿಯನ್ನು ಉಗುರಿನಿಂದ ಕೆರೆದು ಕಿತ್ತ. "ಇದು ತೀರಿಹೋದವನ ಕೆಲಸ. ಪಾಪ, ಕೊನೆಕೊನೆಗೆ ಬುದ್ಧಿ ಮಂಕಾಗಿತ್ತು."

ಫಿಟ್ಟರ್ ಹಳೆಯ ಅಳತೆಯ ಕೇಬಲ್ ಜೋಡಿಸಿ, ರಿಸೀವರನ್ನು ತಾವೇ ಒಂದು ಸುತ್ತು ತಿರುಗಿಸಿದರು. ಈ ಬಾರಿ ಮುಳ್ಳು ಕದಲಲಿಲ್ಲ.

"ಹೌದು ಸಾರ್, ಅವರ ಕೆಲಸವೇ," ಎಂದರು, ಬಂದವರಿಗೆಲ್ಲ ಕೇಳುವಂತೆ. "ಬೆಳಿಗ್ಗೆ ನೀವು ಕೆಡಿಸಿದ್ದನ್ನ ಸರಿಮಾಡ್ದೆ, ಅಷ್ಟೇ."

ಮುಖ್ಯಸ್ಥನ ಮುಖವನ್ನು ನೋಡುವ ಗೋಜಿಗೂ ಹೋಗದೆ ಅವರು ಕಣ್ಣು ಮುಚ್ಚಿ ಕೈ ಮುಗಿದರು. ದೇವರೇ, ದುಡಿದು ದಣಿದ ಆ ಜೀವಕ್ಕೆ ನಿನ್ನ ಪಾದದಲ್ಲಿ ಶಾಂತಿ ಕೊಡು.