ಕನ್ನಡಕವಿಲ್ಲದ ವಂಶ

ಮೊದಲ ಸಲ ಹುಡುಗ ನೋಡಲು ಬಂದಾಗ ಅಮ್ಮ ನನ್ನ ಕನ್ನಡಕ ತೆಗೆಸಿದ್ದಳು. ನಾನು ಖಾಲಿ ಕುರ್ಚಿಗೆ ಕಾಫಿ ಕೊಡಲು ಹೋಗಿ ಸಿಕ್ಕಿಬಿದ್ದೆ.

“ನಮ್ಮ ವಂಶದಲ್ಲೇ ಕನ್ನಡಕ ಇಲ್ಲಮ್ಮ. ಅದು ಹೋದ್ರೆ ಮದುವೆ,” ಎಂದರು ಹುಡುಗನ ತಾಯಿ.

ಲೇಸರ್ ಮಾಡಿಸಿದೆವು. “ಒಂದೆರಡು ದಿನ ಉರಿಯುತ್ತೆ, ಉಜ್ಜಬೇಡಿ. ಆಮೇಲೆ ಎಲ್ಲಾ ಸ್ಪಷ್ಟವಾಗಿ ಕಾಣುತ್ತೆ,” ಎಂದರು ಡಾಕ್ಟರು.

ಮುಂದಿನ ತಿಂಗಳು ಅವರು ಮತ್ತೆ ಬಂದರು. ಈ ಸಲ ಹುಡುಗನ ಮುಂದೆಯೇ ಕಾಫಿ ತಟ್ಟೆ ಹಿಡಿದೆ.

“ಈಗ ಎಷ್ಟು ಲಕ್ಷಣವಾಗಿದ್ದಾಳೆ ನೋಡೋ!” ಎಂದರು ತಾಯಿ.

“ಹೌದಮ್ಮ, ತುಂಬಾ,” ಎಂದು ಅವನು ಬಾಗಿಲ ಪರದೆಯನ್ನು ನೋಡಿ ನಾಚಿದ. ಅವನ ಮೂಗಿನ ಎರಡೂ ಬದಿಯಲ್ಲಿ ನನಗೆ ಚೆನ್ನಾಗಿ ಪರಿಚಯವಿರುವ ಕೆಂಪು ಗುಳಿಗಳಿದ್ದವು.

“ಕನ್ನಡಕ ಹಾಕ್ಕೊಳ್ರೀ,” ಎಂದೆ ಮೆಲ್ಲಗೆ. “ಕಾಫಿ ಈ ಕಡೆ ಇದೆ. ನಾನೂ ಈ ಕಡೆನೇ ಇದ್ದೀನಿ.”