ಹುಲ್ಲಿನಲ್ಲಿ ಬಿದ್ದ ತಂತಿ

ಹಸಿ ಹುಲ್ಲು ಸುಟ್ಟ ವಾಸನೆ ಬಂದರೆ ಈಗಲೂ ನನ್ನ ಕಾಲು ನಿಂತಲ್ಲೇ ನಿಲ್ಲುತ್ತದೆ.

ಅಪ್ಪಯ್ಯ ಟೆಲಿಫೋನ್ ಲೈನ್‌ಮನ್. ಅಂದು ಸಾಗರದಿಂದ ಹೊಸನಗರಕ್ಕೆ ಫೋನು ಹೋಗುತ್ತಿರಲಿಲ್ಲ. ಎಲ್ಲಿ ಕೆಟ್ಟಿದೆಯೆಂದು ಅವರು ಕಂಬದಿಂದ ಕಂಬಕ್ಕೆ ಹುಡುಕುತ್ತಿದ್ದರು. ಮಧ್ಯಾಹ್ನ ಬುತ್ತಿ ಕೊಡಲು ಹೋದ ನನಗೆ ರಸ್ತೆಬದಿಯ ಹುಲ್ಲಿನಲ್ಲಿ ತುಂಡಾದ ತಂತಿ ಕಂಡಿತು. ಅಪ್ಪಯ್ಯನಿಗೆ ಸುತ್ತಿ ಕೊಡೋಣವೆಂದು ಬಗ್ಗಿದೆ.

"ಮುಟ್ಬೇಡ! ಅಲ್ಲೇ ನಿಲ್ಲು!" ತಿರುವಿನಿಂದ ಓಡಿಬರುತ್ತಿದ್ದ ಅಪ್ಪಯ್ಯ ಚೀರಿದರು. "ಆಚೆ ಅದ್ರ ಮೇಲೆ ಕರೆಂಟ್ ಲೈನ್ ಬಿದ್ದಿದೆ!"

ತಂತಿ ಚಟಪಟ ಸಿಡಿಯಿತು. ಹುಲ್ಲಿನಿಂದ ಹೊಗೆ ಎದ್ದಿತು. ಉಸಿರಾಡಲೂ ಹೆದರಿ ನಿಂತೆ.

"ನೆಲದಾಗೂ ಕರೆಂಟ್ ಹರೀತಿರ್ತದೆ, ಪಾದ ಎತ್ಬೇಡ ಮಗಾ. ಹಂಗೇ ಎಳ್ಕೊಂಡು ಹಿಂದೆ ಬಾ."

ಅಳುತ್ತ, ಪಾದಗಳನ್ನು ನೆಲಕ್ಕೊತ್ತಿ ಇಷ್ಟಿಷ್ಟೇ ಸರಿದೆ. ದೂರ ಬಂದದ್ದೇ, ಎಂದೂ ಕೈಯೆತ್ತದ ಅಪ್ಪಯ್ಯ ಕೆನ್ನೆಗೆ ಬಾರಿಸಿದರು. ಮರುಗಳಿಗೆ ನನ್ನನ್ನು ಅಪ್ಪಿಕೊಂಡು ನೆಲಕ್ಕೆ ಕುಸಿದರು.

"ಅಮ್ಮಂಗೆ ಹೇಳ್ಬೇಡ" ಎಂದರು. ಅವರ ಹಲ್ಲು ಕಟಕಟ ಅನ್ನುತ್ತಿತ್ತು.